ತಲೆಯಲ್ಲಿ 177, ಪುಸ್ತಕದಲ್ಲಿ 223

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 11 ವರ್ಷ. ಅಪ್ಪ ಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. "ಮೇಡಂ, ಬೇರೆ ಎಲ್ಲದರಲ್ಲೂ ಚೆನ್ನಾಗಿದ್ದಾನೆ. ಗಣಿತದ ಟೆಸ್ಟ್ ಇದ್ದ ದಿನ ಮಾತ್ರ ಬೆಳಿಗ್ಗೆಯಿಂದಲೇ ಹೊಟ್ಟೆನೋವು" ಅಂದರು. ಅವನು ತಲೆ ಎತ್ತಲಿಲ್ಲ. ನೋಟ್‌ಬುಕ್ ತೆರೆದರೆ ಪುಟದ ತುಂಬ ಕೆಂಪು ಗೆರೆ, ಕೆಳಗೆ "ಗಮನ ಕೊಡುವುದಿಲ್ಲ" ಎಂಬ ಷರಾ.

ಮೊದಲ ಭೇಟಿಯಲ್ಲಿ ನಾನೂ ಎಡವಿದೆ. ಪರೀಕ್ಷೆಯ ಭಯ ಅಂದುಕೊಂಡು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಅವನ ಲೆಕ್ಕಗಳನ್ನು ಸರಿಯಾಗಿ ನೋಡಿರಲೇ ಇಲ್ಲ.

ಎರಡನೇ ಸಲ ನೋಡಿದೆ. 304ರಲ್ಲಿ 127 ಕಳೆದು ಅವನು ಬರೆದಿದ್ದು 223. ಸುಮ್ನೆ ಬಂದ ತಪ್ಪಲ್ಲ ಇದು. ಬಿಡಿಯಲ್ಲಿ 4, 7 ಇದೆ, 7ರಲ್ಲಿ 4 ಕಳೆದು 3 ಬರೆದಿದ್ದಾನೆ. ಹತ್ತರಲ್ಲಿ 0, 2 ಇದೆ, ಅಲ್ಲಿ 2. ನೂರರಲ್ಲಿ 3ರಿಂದ 1 ಹೋಗಿ 2. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ, ಅಷ್ಟೇ. ಚಿಕ್ಕ ತರಗತಿಯಲ್ಲಿ "ಯಾವಾಗಲೂ ದೊಡ್ಡದರಿಂದ ಚಿಕ್ಕದು ಕಳೆಯಬೇಕು" ಅಂತ ಕಲಿತಿದ್ದನ್ನೇ ನಿಯತ್ತಾಗಿ ಪಾಲಿಸಿದ್ದಾನೆ! ಎಷ್ಟೋ ಮಕ್ಕಳು ಮಾಡುವ ತಪ್ಪು ಇದು. ಅದರಲ್ಲೂ ನಡುವೆ ಸೊನ್ನೆ ಇದ್ದರೆ ಇನ್ನೂ ಕಷ್ಟ, ಹತ್ತರ ಮನೆಯಲ್ಲಿ ಏನೂ ಇಲ್ಲ, ಸಾಲಕ್ಕೆ ನೂರರ ಮನೆಗೆ ಹೋಗಬೇಕು, ಅಲ್ಲಿಂದ ತಂದಿದ್ದನ್ನು ಎಲ್ಲೆಲ್ಲಿ ಎಷ್ಟು ಇಟ್ಟೆ ಅಂತ ನೆನಪಿಟ್ಟುಕೊಳ್ಳಬೇಕು, ಮೇಲೆ ಗಡಿಯಾರ ಓಡುತ್ತಿರುತ್ತದೆ. ಭಯಕ್ಕೂ ಲೆಕ್ಕಕ್ಕೂ ತಲೆಯಲ್ಲಿ ಬೇಕಾಗುವುದು ಅದೇ ಪುಟ್ಟ ಜಾಗ. ಭಯ ಮೊದಲು ಬಂದು ಕೂತುಬಿಟ್ಟರೆ ಲೆಕ್ಕಕ್ಕೆ ಜಾಗ ಸಿಗುವುದಿಲ್ಲ.

ಪುಸ್ತಕ ಮುಚ್ಚಿ ಬಾಯಿಮಾತಲ್ಲಿ ಕೇಳಿದೆ. "304 ಪುಟದ ಕಥೆಪುಸ್ತಕ, 127 ಓದಿದ್ದೀಯ. ಇನ್ನೆಷ್ಟು?"

ಸ್ವಲ್ಪ ಹೊತ್ತು ಬಿಟ್ಟು ಹೇಳಿದ, "177."

ಹೇಗೆ ಬಂತು ಅಂದರೆ ಹೇಳಲು ಹಿಂಜರಿದ. "127ರಿಂದ 130ಕ್ಕೆ 3, ಅಲ್ಲಿಂದ 300ಕ್ಕೆ 170, ಆಮೇಲೆ 4. ಆದರೆ ಮಿಸ್, ಹಾಗೆ ಮಾಡಬಾರದು. ಹಾಗೆ ಬರೆದರೆ ಮಾರ್ಕ್ಸ್ ಇಲ್ಲ."

ನನಗೆ ಅಪ್ಪನ ಮುಖ ನೋಡಬೇಕು ಅನ್ನಿಸಿತು. ನೋಡಿದೆ. ಅವರೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

"ಇವನಿಗೆ ಡಿಸ್ಕ್ಯಾಲ್ಕುಲಿಯಾ ಇರಬಹುದಾ?" ಅಂತ ಅವರು ಕೇಳಿದರು. ಸಂಖ್ಯೆ, ಲೆಕ್ಕ ಕಲಿಯುವುದರಲ್ಲೇ ಇರುವ ತೊಂದರೆ ಅದು. ಆ ತೊಂದರೆ ಇರುವ ಮಕ್ಕಳಿಗೆ ಸಾಮಾನ್ಯವಾಗಿ ಯಾವುದು ಜಾಸ್ತಿ, ಯಾವುದು ಕಮ್ಮಿ ಎನ್ನುವ ಅಂದಾಜೇ ಕಷ್ಟ. ಇವನಿಗೆ ಅದು ಚೆನ್ನಾಗಿದೆ. ಕೆಲವು ತಿಂಗಳಾದರೂ ಬದಲಾವಣೆ ಕಾಣದಿದ್ದರೆ ತಜ್ಞರ ಹತ್ತಿರ ಪರೀಕ್ಷೆ ಮಾಡಿಸೋಣ, ಈಗಲೇ ಹಣೆಪಟ್ಟಿ ಬೇಡ ಅಂದೆ.

ಅಪ್ಪನಿಗೆ ಹೇಳಿದ್ದು ಸ್ವಲ್ಪ ಕಹಿಯಾಗಿತ್ತು. ದಿನಾ ಸಂಜೆ ಲೆಕ್ಕ ಹೇಳಿಕೊಡುವವರು ಅವರೇ, ಅವರಿಗೂ ಗಣಿತ ಅಂದರೆ ಭಯ. 2015ರಲ್ಲಿ ಅಮೆರಿಕದಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಗಣಿತಕ್ಕೆ ಹೆದರುವ ಪೋಷಕರು ಹೋಂವರ್ಕ್‌ಗೆ ಪದೇ ಪದೇ ಸಹಾಯ ಮಾಡಿದಾಗ ಮಕ್ಕಳು ಆ ವರ್ಷ ಕಮ್ಮಿ ಕಲಿತಿದ್ದು ಕಂಡಿತ್ತು. ಹಾಗಾಗಿ, "ಕಲಿಸಬೇಡಿ. 'ನೀನು ಹೇಗೆ ಮಾಡಿದೆ, ನನಗೆ ಹೇಳಿಕೊಡು' ಅಂತ ಕೇಳಿ. 'ನನಗೂ ಲೆಕ್ಕ ಬರ್ತಿರಲಿಲ್ಲ' ಅನ್ನೋದನ್ನ ನಿಲ್ಲಿಸಿ" ಅಂದೆ.

ಟೀಚರ್ ಜೊತೆ ಫೋನಿನಲ್ಲಿ ಮಾತಾಡಿದೆ. "ತರಗತಿಯಲ್ಲಿ 40 ಮಕ್ಕಳಿದ್ದಾರೆ, ಒಬ್ಬನಿಗೆ ಅಂತ ಬೇರೆ ಪಾಠ ಹೇಗೆ ಮಾಡಲಿ?" ಅಂದರು. ನ್ಯಾಯವಾದ ಮಾತೇ. ಬೇರೆ ಪಾಠ ಬೇಡ, ಇದೇ ಪಾಠಕ್ಕೆ ಇನ್ನೊಂದೆರಡು ಬಾಗಿಲು ತೆಗೆಯಿರಿ ಅಂದೆ. ದಾರಿ ಸರಿಯಿದ್ದರೆ ಯಾವ ದಾರಿಗಾದರೂ ಅಂಕ ಕೊಡಿ. ಇವನ ಹಾಗೆ ಸಂಖ್ಯಾರೇಖೆಯ ಮೇಲೆ 130, 300 ಅಂತ ಜಿಗಿದು ಮಾಡಿದರೂ ಅದು ಕಳೆಯುವ ಲೆಕ್ಕವೇ ಅಲ್ವಾ? 20 ಲೆಕ್ಕದ ಬದಲು 8 ಕೊಟ್ಟು ಗಡಿಯಾರ ಪಕ್ಕಕ್ಕಿಡಿ. ಬಿಡಿ, ಹತ್ತು, ನೂರು ಸಾಲು ತಪ್ಪದ ಹಾಗೆ ಚೌಕುಳಿ ಗೆರೆಯ ಪುಸ್ತಕ ಇಡಿ. ಇದನ್ನೆಲ್ಲ ಎಲ್ಲರಿಗೂ ಕೊಡಿ, ಇವನೊಬ್ಬನಿಗೇ ಕೊಟ್ಟರೆ ಅದೇ ಇನ್ನೊಂದು ಅವಮಾನ. ಸಾಲ ತರುವ ವಿಧಾನ ಅವನೂ ಕಲಿಯಲಿ. ಹತ್ತರ ಕಟ್ಟು ಬಿಚ್ಚಿ ಕಡ್ಡಿಗಳಲ್ಲಿ ತೋರಿಸಿ, ಆಮೇಲೆ ಕಾಗದ.

ಮೂರು ವಾರದ ನಂತರ ಟೀಚರ್ ತಾವಾಗಿಯೇ ಫೋನ್ ಮಾಡಿದರು. ಇನ್ನೂ ಐದು ಮಕ್ಕಳು ಗುಟ್ಟಾಗಿ ಹಾಗೇ ಜಿಗಿಯುತ್ತಿದ್ದರಂತೆ, ಅದರಲ್ಲಿ ಒಬ್ಬಳು ತರಗತಿಗೇ ಮೊದಲು ಬರುವವಳು.

ಹುಡುಗನ ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಭಾಗಾಕಾರ ಬಂದಾಗ ಮತ್ತೆ ಶುರುವಾಗಿದೆ. ಮುಂದಿನ ಭೇಟಿಗೆ ಆ ನೋಟ್‌ಬುಕ್ ತರಲು ಹೇಳಿದ್ದೇನೆ, ತಪ್ಪು ಲೆಕ್ಕಗಳನ್ನು ಅಳಿಸದೆ.