ಗೊಲ್ಯಾತನ ಬರ್ಜಿ, ನಮ್ಮಪ್ಪನ ಮಗ್ಗ

ಪ್ರಶ್ನೆ: ಬೈಬಲಿನ ದಾವೀದ ಕವಣೆಕಲ್ಲಿನಿಂದ ಕೊಂದ ದೈತ್ಯ ಗೊಲ್ಯಾತ ಒಂಬತ್ತೂಮುಕ್ಕಾಲು ಅಡಿ ಎತ್ತರವಿದ್ದ ಎಂದು ಮಗಳ ಕಥೆಪುಸ್ತಕದಲ್ಲಿದೆ. ಬೇರೆಲ್ಲೋ ಆರೂಮುಕ್ಕಾಲು ಅಡಿ ಎಂದು ಓದಿದೆ. ಯಾವುದು ಸರಿ? ಅವನನ್ನು ಕೊಂದದ್ದು ದಾವೀದನಲ್ಲ, ಇನ್ನೊಬ್ಬ ಎಂದೂ ಬೈಬಲಿನಲ್ಲೇ ಇದೆಯಂತೆ, ಹೌದೆ?
(ಹಾವೇರಿಯ ಓದುಗರು)

ಉತ್ತರ: ಎರಡೂ ಅಳತೆ ಹಳೆಯ ಪ್ರತಿಗಳಲ್ಲಿ ಇರುವಂಥವೇ. ರೂಢಿಯ ಹೀಬ್ರೂ ಪಾಠದಲ್ಲಿ (1 ಸಮುವೇಲ 17) ಅವನು ಆರು ಮೊಳ, ಒಂದು ಗೇಣು. ಮೊಳಕ್ಕೆ 18 ಅಂಗುಲ, ಗೇಣಿಗೆ 9 ಹಿಡಿದರೆ ನಿಮ್ಮ ಮಗಳ ಪುಸ್ತಕದ ಲೆಕ್ಕ ಬರುತ್ತದೆ. ಆದರೆ ಮೃತ ಸಮುದ್ರದ ದಂಡೆಯ ಕುಮ್ರಾನಿನ ನಾಲ್ಕನೇ ಗುಹೆಯಲ್ಲಿ 1952ರಲ್ಲಿ ಸಿಕ್ಕ ಸಮುವೇಲನ ಸುರುಳಿಯಲ್ಲಿ ಇರುವುದು ನಾಲ್ಕು ಮೊಳ, ಒಂದು ಗೇಣು. ಗ್ರೀಕ್ ಅನುವಾದದ ಹಳೆಯ ಪ್ರತಿಗಳೂ ಇತಿಹಾಸಕಾರ ಜೋಸೆಫಸನೂ ಹೇಳುವುದು ನಾಲ್ಕೇ. ಪೂರ್ತಿ ಉಳಿದಿರುವ ಅತಿ ಹಳೆಯ ಹೀಬ್ರೂ ಬೈಬಲ್ ಬರೆದು ಮುಗಿದದ್ದು ಸುಮಾರು 1008ರಲ್ಲಿ. ಈ ಸುರುಳಿ ಅದಕ್ಕಿಂತ ಸಾವಿರ ವರ್ಷ ಹಿರಿದು.

ನನ್ನ ಮತ ನಾಲ್ಕಕ್ಕೆ. ಆರು ಮೊಳಕ್ಕೆ ಹೀಬ್ರೂವಿನಲ್ಲಿ 'ಶೇಷ್ ಅಮ್ಮೋತ್'. ಮೂರು ವಚನ ಕೆಳಗೆ ಅವನ ಬರ್ಜಿಯ ಕಬ್ಬಿಣದ ಅಲಗು ಆರುನೂರು ಶೆಕೆಲ್ ತೂಕ; ಆ ಆರುನೂರು 'ಶೇಷ್ ಮೇಓತ್'. ನಾಲ್ಕು ಎಂದು ಬರೆಯಬೇಕಾದಲ್ಲಿ ನಕಲು ಮಾಡುವವನ ಕಣ್ಣು ಕೆಳಗಿನ 'ಶೇಷ್'ಗೆ ಜಾರಿರಬಹುದೆಂಬ ಊಹೆಯುಂಟು. ಕರಡು ತಿದ್ದುತ್ತಲೇ ಕನ್ನಡಕದ ನಂಬರು ಏರಿಸಿಕೊಂಡ ನನಗೆ ಇದು ತಟ್ಟನೆ ಒಪ್ಪಿಗೆಯಾಯಿತು. ಆರೂಮುಕ್ಕಾಲು ಅಡಿಯೇನು ಕಡಿಮೆಯೆ? ಇಸ್ರಾಯೇಲಿನ ಅರಸ ಸೌಲನೇ ತನ್ನ ಜನರೆಲ್ಲರಿಗಿಂತ ಹೆಗಲ ಮೇಲಷ್ಟು ಎತ್ತರದ ಆಳು. ನ್ಯಾಯವಾಗಿ ಎದುರು ನಿಲ್ಲಬೇಕಾದವನು ಅವನು. ಏಲಾ ಕಣಿವೆಯಲ್ಲಿ ಗೊಲ್ಯಾತ ನಲವತ್ತು ದಿನ ಬೆಳಿಗ್ಗೆ ಸಂಜೆ ಬಂದು ಹಂಗಿಸಿದರೂ ಸೌಲ ಡೇರೆ ಬಿಟ್ಟು ಏಳಲಿಲ್ಲ. ಕೊನೆಗೆ ತನ್ನ ಕವಚವನ್ನು ಕುರಿ ಕಾಯುವ ಹುಡುಗ ದಾವೀದನಿಗೆ ತೊಡಿಸಲು ಹೋದ.

ಇನ್ನೊಬ್ಬನ ವಿಷಯ. 2 ಸಮುವೇಲ 21:19ರಲ್ಲಿ ಬೇತ್ಲೆಹೇಮಿನ ಎಲ್ಹಾನಾನ, ಯಾರೇ-ಓರೆಗೀಮನ ಮಗ, ಗತ್ ಊರಿನ ಗೊಲ್ಯಾತನನ್ನು ಕೊಂದ ಎಂದೇ ಇದೆ. 1 ಪೂರ್ವಕಾಲವೃತ್ತಾಂತ 20:5ಕ್ಕೆ ಬಂದರೆ ಅದೇ ಎಲ್ಹಾನಾನ ಕೊಂದದ್ದು ಗೊಲ್ಯಾತನ ತಮ್ಮ ಲಹ್ಮೀಯನ್ನು, ತಂದೆಯ ಹೆಸರೂ ಬರೀ ಯಾಯೀರ. 'ಬೇತ್ಲೆಹೇಮಿನವನು' ಎಂಬುದಕ್ಕೆ ಹೀಬ್ರೂ 'ಬೇತ್ ಹಲ್ಲಹ್ಮೀ'. ತಮ್ಮ ಹುಟ್ಟಿಕೊಂಡದ್ದು ಆ ಪದದ ಬಾಲದಿಂದ ಎಂದು ಬಹಳ ವಿದ್ವಾಂಸರು ಅನುಮಾನಿಸುತ್ತಾರೆ. ಗೆಲುವು ಮೊದಲು ಎಲ್ಹಾನಾನನದು, ಆಮೇಲೆ ರಾಜನಾದ ದಾವೀದನ ಖಾತೆಗೆ ಬಿತ್ತು ಎನ್ನುವವರ ಕಡೆಗೇ ನಾನು ವಾಲುತ್ತೇನೆ.

'ಓರೆಗೀಮ್' ಎಂದರೆ ನೇಕಾರರು. ಅದು ಹೆಸರೇ ಅಲ್ಲ. ವಚನದ ಕೊನೆಯಲ್ಲಿ ಗೊಲ್ಯಾತನ ಬರ್ಜಿಯ ಹಿಡಿ ನೇಕಾರರ ಮರದಂತಿತ್ತು ಎಂದಿದೆಯಲ್ಲ, ಅಲ್ಲಿನ ಪದ ಮೇಲಿನ ಸಾಲಿಗೆ ನುಸುಳಿ ಎಲ್ಹಾನಾನನಿಗೆ ಅಪ್ಪನಾಗಿದೆ!

ಈ ಹೋಲಿಕೆ ಓದಿದಾಗ ನನಗೆ ಗುಳೇದಗುಡ್ಡದ ಮನೆ ಕಣ್ಣಿಗೆ ಕಟ್ಟುತ್ತದೆ. ಅಪ್ಪ ಕುಣಿಮಗ್ಗದಲ್ಲಿ ಕೂತು ಖಣ ನೇಯುತ್ತಿದ್ದ. ನೇಯ್ದದ್ದು ಸುತ್ತಿಕೊಳ್ಳುವ ದಿಂಡು ಅವನ ಮಡಿಲ ಮುಂದೆ. ಅದನ್ನು ಎತ್ತಲು ಹೋಗಿ ಕಾಲಮೇಲೆ ಹಾಕಿಕೊಂಡಿದ್ದೇನೆ, ಹೆಬ್ಬೆರಳಿನ ಉಗುರು ಈಗಲೂ ಸೊಟ್ಟ. ಹಾಗಾಗಿ 'ದಿಂಡಿನಷ್ಟು ದಪ್ಪ' ಎಂದೇ ಬಹುಕಾಲ ನಂಬಿದ್ದೆ. 1955ರಲ್ಲಿ ಪುರಾತತ್ತ್ವಜ್ಞ ಯಿಗಾಯೆಲ್ ಯಾದೀನ್ (ಇಸ್ರೇಲಿನ ಸೇನಾ ಮುಖ್ಯಸ್ಥರಾಗಿದ್ದವರು) ಬೇರೆ ಮಾತು ಹೇಳಿದರು: ಅದು ದಿಂಡಲ್ಲ, ಹಾಸಿನ ಎಳೆ ಎತ್ತಲು ಸಾಲಾಗಿ ನೂಲಿನ ಕುಣಿಕೆ ಕಟ್ಟಿದ ಕೋಲು. ಗ್ರೀಕರ ಹಾಗೆ ಬರ್ಜಿಗೆ ಹುರಿ ಸುತ್ತಿ ಕುಣಿಕೆಗೆ ಬೆರಳು ಸಿಕ್ಕಿಸಿ ಎಸೆದರೆ ಅದು ತಿರುಗುತ್ತ ದೂರ ಹೋಗುತ್ತದೆ. ಇಸ್ರಾಯೇಲ್ಯರಿಗೆ ಅಂಥ ಆಯುಧದ ಹೆಸರು ಗೊತ್ತಿಲ್ಲ, ಮಗ್ಗ ಗೊತ್ತು.

ಪ್ರಶ್ನೆ: ಒಂದು ಕಲ್ಲಿಗೆ ಅಂಥವನು ಬೀಳುವುದು ಸಾಧ್ಯವೆ?
(ಅದೇ ಓದುಗರ ಮಗಳು, 11 ವರ್ಷ)

ಉತ್ತರ: ಸಾಧ್ಯ ಪುಟ್ಟಿ. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಹಕ್ಕಿ ಓಡಿಸುವ ಕವಣೆ ನೋಡಿದ್ದೀಯಾ? ಅದೇ ಜಾತಿ, ಆದರೆ ಅಲ್ಲಿ ಅದು ಸೈನ್ಯದ ಆಯುಧ. ಕೂದಲೆಳೆಗೆ ಗುರಿಯಿಟ್ಟರೂ ತಪ್ಪದ ಏಳುನೂರು ಎಡಚರು ಬೆನ್ಯಾಮೀನ್ ಕುಲದಲ್ಲಿದ್ದರೆಂದು ನ್ಯಾಯಸ್ಥಾಪಕರ ಪುಸ್ತಕ ಹೇಳುತ್ತದೆ. ದಾವೀದ ಹಳ್ಳದಲ್ಲಿ ಆರಿಸಿದ ಕಲ್ಲು ಐದು, ಬೇಕಾದದ್ದು ಒಂದು. ನಿನ್ನ ಪುಸ್ತಕದ ಚಿತ್ರದಲ್ಲಿ ಅವನ ಕೈಗೆ ರಬ್ಬರು ಕಟ್ಟಿದ ಕವೆಗೋಲು ಕೊಟ್ಟಿದ್ದರೆ ಪೆನ್ಸಿಲಿನಿಂದ ಕಾಟು ಹೊಡೆ. ರಬ್ಬರು ಆ ಸೀಮೆಗೆ ಇನ್ನೂ ಬಂದಿರಲಿಲ್ಲ.