ನಾಲ್ಕು ಕಂಪ್ಯೂಟರ್, ನಲವತ್ತಾರು ಮಕ್ಕಳು: ಎಲ್ಲಿಂದ ಶುರು ಮಾಡೋದು?

ಹೈಸ್ಕೂಲ್ ಮಕ್ಕಳಿಗೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಬಗ್ಗೆ ಬೆಂಗಳೂರಿನ ಓದುಗರು ಕೇಳಿದ ಐದು ಪ್ರಶ್ನೆಗಳು ಇಲ್ಲಿವೆ. ಉತ್ತರ ಕೊಟ್ಟಿರುವವರು ನಗರದ ಶಾಲೆಗಳಲ್ಲಿ ಈ ವಿಷಯ ಕಲಿಸಿ, ಈಗ ಶಿಕ್ಷಕರಿಗೆ ತರಬೇತಿ ಕೊಡುತ್ತಿರುವವರು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಈ ವರ್ಷ ಎಂಟನೇ ತರಗತಿಗೆ ವಾರಕ್ಕೆ ಎರಡು ಪೀರಿಯಡ್ ಕಂಪ್ಯೂಟರ್ ಕೂಡ ನೀವೇ ತಗೊಳ್ಳಿ ಅಂದಿದ್ದಾರೆ. ಮಕ್ಕಳು 46. ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್ ಇವೆ, ಓಡೋದು ನಾಲ್ಕೇ. ನಾನು ಪ್ರೋಗ್ರಾಮಿಂಗ್ ಕಲಿತವಳೂ ಅಲ್ಲ. ಎಲ್ಲಿಂದ ಶುರು ಮಾಡಲಿ?
– ಶಿಕ್ಷಕಿ, ಯಲಹಂಕ

ಮೇಡಂ, ಮೊದಲ ಆರು ವಾರ ಲ್ಯಾಬಿನ ಬೀಗ ತೆಗೆಯಲೇಬೇಡಿ. ಕಂಪ್ಯೂಟರ್ ಕಮ್ಮಿ ಇವೆ ಅಂತ ಈ ಮಾತು ಹೇಳುತ್ತಿಲ್ಲ. ಹತ್ತೂ ಓಡುತ್ತಿದ್ದರೂ ಇದನ್ನೇ ಹೇಳುತ್ತಿದ್ದೆ. ನ್ಯೂಜಿಲೆಂಡಿನಲ್ಲಿ ಟಿಮ್ ಬೆಲ್ ಮತ್ತು ಅವರ ಜೊತೆಗಾರರು 1990ರ ದಶಕದಿಂದಲೂ ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು ಕಟ್ಟಿಕೊಂಡು ಬಂದಿದ್ದಾರೆ. ಎಷ್ಟೋ ದೇಶಗಳ ಶಾಲೆಗಳು ಅದನ್ನು ಬಳಸುತ್ತವೆ. ನಮ್ಮಲ್ಲಿ ಅದಕ್ಕೆ ಬೇಕಾದ ಸಾಮಾನು ಮನೆ ಬಾಗಿಲಲ್ಲೇ ಇದೆ.

ಚುಕ್ಕಿ ರಂಗೋಲಿಯಿಂದ ಶುರು ಮಾಡಿ. ಒಂದು ಮಗು ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಲಿ. ಇನ್ನೊಂದು ಮಗು ಬೋರ್ಡಿಗೆ ಬೆನ್ನು ಹಾಕಿ ನಿಂತು, ಬರೀ ಬಾಯಲ್ಲಿ ಹೇಳಿ ರಂಗೋಲಿಯ ಚುಕ್ಕಿ ಇಡಿಸಲಿ. ನಿಯಮ ಒಂದೇ: ಹೇಳಿದ್ದನ್ನು ಮಾತ್ರ ಮಾಡಬೇಕು, ಹೇಳದೇ ಇದ್ದದ್ದನ್ನು ಮಾಡಬಾರದು.

ನಾನು ನೋಡಿದ ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು "ಮಧ್ಯದಲ್ಲಿ ಏಳು ಚುಕ್ಕಿ ಇಡು" ಅಂದಳು. ಬೋರ್ಡಿನ ಹತ್ತಿರ ಇದ್ದ ಹುಡುಗ ಮೇಲಿಂದ ಕೆಳಕ್ಕೆ ಏಳು ಚುಕ್ಕಿ ಇಟ್ಟ. ತರಗತಿ ಗೊಳ್ಳೆಂದಿತು. ಹುಡುಗಿ ತಿರುಗಿ ನೋಡಿ, "ಅಡ್ಡಕ್ಕೆ ಇಡೋದು ಅಂತ ಗೊತ್ತಾಗಲ್ವಾ?" ಎಂದು ಸಿಟ್ಟಾದಳು. ಅವನು ತಣ್ಣಗೆ "ನೀನು ಹೇಳಲಿಲ್ಲ" ಅಂದ. ಎರಡನೇ ಸಲ ಅವಳು ಎಚ್ಚರ ವಹಿಸಿದಳು. ಅಡ್ಡಕ್ಕೆ ಏಳು. ಅದರ ಮೇಲಿನ ಸಾಲು, ಎರಡು ಚುಕ್ಕಿಯ ನಡುವೆ ಒಂದರಂತೆ, ಆರು. "ಹೀಗೇ ಒಂದೊಂದು ಕಮ್ಮಿ ಮಾಡ್ತಾ ಹೋಗು." ಹುಡುಗ ಹೋಗುತ್ತಲೇ ಇದ್ದ. ಐದು, ನಾಲ್ಕು, ಮೂರು, ಎರಡು, ಒಂದು. ನಾಲ್ಕಕ್ಕೆ ನಿಲ್ಲಿಸು ಅಂತ ಅವಳು ಹೇಳಿರಲಿಲ್ಲ. ಆಗ ಅವಳು ಸುಮ್ಮನೆ ನಿಂತು ಯೋಚನೆ ಮಾಡಿದಳು. ಆ ಅರ್ಧ ನಿಮಿಷಕ್ಕಾಗಿಯೇ ನಾವು ಈ ಪಾಠ ಮಾಡೋದು.

ಅಷ್ಟರಲ್ಲಿ ಪ್ರೋಗ್ರಾಮಿಂಗಿನ ಎರಡು ದೊಡ್ಡ ತಪ್ಪುಗಳನ್ನು ಅವಳು ಕಂಡಾಗಿತ್ತು. ಸೂಚನೆ ಎರಡು ಅರ್ಥ ಕೊಡುವುದು ಒಂದು, ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೂಚನೆ, ಎಲ್ಲಿ ನಿಲ್ಲಬೇಕು ಎಂದು ಹೇಳದೇ ಇರುವುದು ಇನ್ನೊಂದು. ನೀವು ಗಣಿತದವರು, ಆಮೇಲೆ ಒಟ್ಟು ಚುಕ್ಕಿ ಎಷ್ಟು ಅಂತಲೂ ಕೇಳಿ. ಎಣಿಸಲು ಬಿಡಬೇಡಿ. ನಡುವಿನ ಸಾಲು 7, ಮೇಲೆ 6, 5, 4, ಕೆಳಗೂ ಅಷ್ಟೇ. ಒಟ್ಟು 37.

ಎರಡನೇ ಹಂತಕ್ಕೆ ಕನ್ನಡ ಮೇಷ್ಟ್ರನ್ನು ಜೊತೆಗೆ ಕರ್ಕೊಳ್ಳಿ. ಲಘು ಗುರು ಹಾಕುವುದನ್ನು ಹೈಸ್ಕೂಲಿನಲ್ಲಿ ಹೇಗೂ ಕಲಿಸುತ್ತಾರೆ. ಅದರಷ್ಟು ಚೆಂದದ ಅಲ್ಗಾರಿದಮ್ (ಹೆಜ್ಜೆ ಹೆಜ್ಜೆಯಾಗಿ ಮಾಡುವ ಕ್ರಮ) ಶಾಲೆಯ ಪಾಠದಲ್ಲಿ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. "ಅಮ್ಮ" ಅಂತ ಬರೆದು, ಒಂದೊಂದೇ ಅಕ್ಷರ ಕಾಣುವ ಹಾಗೆ ಉಳಿದದ್ದನ್ನು ಕಾಗದದಿಂದ ಮುಚ್ಚಿ. "ಅ" ಕಂಡ ಕೂಡಲೇ ಮಕ್ಕಳು ಹ್ರಸ್ವ, ಲಘು ಅಂತ ಕೂಗುತ್ತಾರೆ. ಕಾಗದ ಸರಿಸಿ. ಮುಂದೆ ಒತ್ತಕ್ಷರ! ಹಾಗಾದರೆ "ಅ" ಗುರು. ಅಂದರೆ ಈ ಅಕ್ಷರದ ತೀರ್ಮಾನಕ್ಕೆ ಮುಂದಿನ ಅಕ್ಷರವನ್ನೂ ನೋಡಬೇಕು ಎಂದಾಯಿತು. ಈಗ ನಿಯಮಗಳನ್ನು ಪ್ರಶ್ನೆಗಳಾಗಿ ಬರೆಸಿ: ದೀರ್ಘವೇ? ಅನುಸ್ವಾರ, ವಿಸರ್ಗ, ಅರ್ಧ ವ್ಯಂಜನ ಜೊತೆಗಿದೆಯೇ? ಮುಂದೆ ಒತ್ತಕ್ಷರವೇ? ಯಾವುದಕ್ಕಾದರೂ ಹೌದು ಅಂದರೆ ಗುರು, ಎಲ್ಲಕ್ಕೂ ಇಲ್ಲ ಅಂದರೆ ಲಘು. "ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ" ಅನ್ನುವುದನ್ನು ಕಲಿಸಲು ಇನ್ನೇನು ಬೇಕು?

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹಾಕಿದರೆ ಬೈನರಿ, ಅಂದರೆ ಎಲ್ಲವನ್ನೂ 0 ಮತ್ತು 1ರಲ್ಲೇ ಬರೆಯುವ ಕ್ರಮ, ಸಿಗುತ್ತದೆ. ಅಕ್ಷರಗಣದಲ್ಲಿ ಮೂರು ಅಕ್ಷರ, ಪ್ರತಿಯೊಂದೂ ಲಘು ಇಲ್ಲವೇ ಗುರು. 2 × 2 × 2, ಎಂಟು. ಅದಕ್ಕೇ ಗಣಗಳು ಎಂಟೇ: ಯ, ಮ, ತ, ರ, ಜ, ಭ, ನ, ಸ. ಲಘುವಿಗೆ 0, ಗುರುವಿಗೆ 1 ಬರೆಯಿರಿ. ನಗಣ 000, ಮಗಣ 111. ನಾಲ್ಕು ಅಕ್ಷರದ ಗಣ ಇದ್ದಿದ್ದರೆ ಎಷ್ಟಾಗುತ್ತಿತ್ತು ಅಂತ ಕೇಳಿ. 16 ಅಂತ ಹೇಳುವ ಮಗುವಿಗೆ ಬಿಟ್ ಅಂದರೆ 0 ಇಲ್ಲವೇ 1 ಹಿಡಿಯುವ ಒಂದು ಜಾಗ ಅಂತ ಬೇರೆ ಹೇಳಿಕೊಡಬೇಕಾಗಿಲ್ಲ. ಎಂಟು ಅಕ್ಷರಕ್ಕೆ 256 ಆಗುತ್ತದೆ, ಎಂಟು ಬಿಟ್ ಸೇರಿದ ಒಂದು ಬೈಟ್‌ನಲ್ಲಿ ಹಿಡಿಯುವುದೂ ಅಷ್ಟೇ.

ಹುಡುಕುವುದನ್ನು ಕಲಿಸಲು ನಿಮ್ಮ ಹಾಜರಿ ಪುಸ್ತಕ ಸಾಕು. 46 ಹೆಸರು ಅಕ್ಷರಕ್ರಮದಲ್ಲಿ ಇರಲಿ, ಮನಸ್ಸಿನಲ್ಲಿ ಒಂದು ಹೆಸರು ಇಟ್ಟುಕೊಳ್ಳಿ. ನೀವು ಹೌದು, ಇಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆ ಮಾತ್ರ ಮಕ್ಕಳು ಕೇಳಬೇಕು. ಪ್ರತಿ ಸಲ ಪಟ್ಟಿಯನ್ನು ಅರ್ಧ ಮಾಡಿಕೊಂಡು ಹೋದರೆ ಆರು ಪ್ರಶ್ನೆಗೆ ಸಿಗಲೇಬೇಕು. ಒಂದು ಕೋಟಿ ಹೆಸರಿದ್ದರೂ 24 ಪ್ರಶ್ನೆ ಸಾಕು ಎಂದು ಲೆಕ್ಕ ಹಾಕಿ ತೋರಿಸಿ. ಕಣ್ಣರಳಿಸದ ಮಗುವನ್ನು ನಾನು ಇನ್ನೂ ನೋಡಿಲ್ಲ.

ಆರು ವಾರ ಆದ ಮೇಲೆ ಲ್ಯಾಬಿಗೆ ಹೋಗಲೇಬೇಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಆಟದಲ್ಲೇ ಉಳಿದುಬಿಡುವ ಶಾಲೆಗಳೂ ಇವೆ. ಗೆಳೆಯ ಎಷ್ಟೇ ಕಟ್ಟುನಿಟ್ಟಾಗಿದ್ದರೂ ನಮ್ಮ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಯಂತ್ರ ಮಾಡಿಕೊಳ್ಳಲ್ಲ. ಅಮೆರಿಕದ ಸಂಶೋಧಕ ರಾಯ್ ಪೀ 1986ರಲ್ಲೇ ಇದನ್ನು ಬರೆದಿದ್ದಾರೆ: ಹೊಸದಾಗಿ ಕಲಿಯುವವರ ಹಲವು ತಪ್ಪುಗಳ ಬೇರು ಒಂದೇ, ಕಂಪ್ಯೂಟರಿನ ಒಳಗೆ ನಮ್ಮ ಉದ್ದೇಶ ತಿಳಿಯುವ ಒಂದು ಮನಸ್ಸಿದೆ ಎಂಬ ನಂಬಿಕೆ. ಆ ನಂಬಿಕೆ ಯಂತ್ರದ ಮುಂದೆ ಕೂತಾಗಲೇ ಬಿಡುವುದು.

ನಾಲ್ಕು ಕಂಪ್ಯೂಟರಿಗೆ ಎಂಟು ಮಕ್ಕಳನ್ನು ಕೂರಿಸಿ. ಒಬ್ಬರು ಕೀಬೋರ್ಡ್ ಹಿಡಿಯಲಿ, ಇನ್ನೊಬ್ಬರು ಕಾಗದ ನೋಡಿ ಹೇಳಲಿ. ಹತ್ತು ನಿಮಿಷಕ್ಕೆ ಅದಲು ಬದಲು. ಉಳಿದ 38 ಮಕ್ಕಳು ಅದೇ ಪ್ರೋಗ್ರಾಮ್ ಏನು ಮಾಡುತ್ತದೆ ಅಂತ ಪುಸ್ತಕದಲ್ಲಿ ಮೊದಲೇ ಬರೆದಿಡಲಿ. ಸ್ಕ್ರ್ಯಾಚ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳೆರಡನ್ನೂ ಒಮ್ಮೆ ಹಾಕಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ. ಇನ್ನು ನಿಮಗೆ ಪ್ರೋಗ್ರಾಮಿಂಗ್ ಬರಲ್ಲ ಅನ್ನುವ ಅಳುಕು. ಮಕ್ಕಳಿಗಿಂತ ಎರಡು ವಾರ ಮುಂದೆ ಇದ್ದರೆ ಸಾಕು. ತಪ್ಪು ಬಂದಾಗ ಅವರ ಎದುರಿಗೇ ಹುಡುಕಿ. ಟೀಚರ್ ತಪ್ಪನ್ನು ಹೇಗೆ ಹಿಡಿಯುತ್ತಾರೆ ಅಂತ ನೋಡಿದ ಮಗು, ತನ್ನ ತಪ್ಪಿಗೆ ಹೆದರುವುದು ನಿಲ್ಲಿಸುತ್ತದೆ.

ಪ್ರಶ್ನೆ: ಮಗ ಏಳನೇ ಕ್ಲಾಸು. ಹೊಸ ಶಿಕ್ಷಣ ನೀತಿಯಲ್ಲಿ ಕೋಡಿಂಗ್ ಬಂದಿದೆ, ಈಗಲೇ ಸೇರಿಸದಿದ್ರೆ ಹಿಂದೆ ಬೀಳ್ತಾನೆ ಅಂತ ಒಂದು ಕೋಚಿಂಗಿನವರು ದಿನಾ ಫೋನ್ ಮಾಡ್ತಾರೆ. ಫೀಸು 40 ಸಾವಿರ. ನನ್ನದು ಸಣ್ಣ ದಿನಸಿ ಅಂಗಡಿ. ಸಾಲ ಮಾಡಿ ಸೇರಿಸಲಾ?
– ವಿಜಯನಗರದ ತಂದೆ

ಬೇಡ ಸರ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಹಂತದಲ್ಲಿ ಕೋಡಿಂಗ್ ಚಟುವಟಿಕೆ ತರಬೇಕು ಎಂದಿರುವುದು ನಿಜ. ಅದು ಶಾಲೆಗೆ ಹೇಳಿದ ಮಾತು. ನೀವು ಸಾಲ ಮಾಡಬೇಕು ಅಂತ ಅದರಲ್ಲಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಇವತ್ತಿಗೂ ಪೂರ್ತಿ ಉಚಿತ. ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ನಿಮ್ಮ ಹುಡುಗ ಒಂದು ವರ್ಷ ಅದರಲ್ಲೇ ಕಲಿಯಬಹುದು.

ಅಂಗಡಿಯಲ್ಲೇ ಅವನಿಗೊಂದು ಕೆಲಸ ಕೊಡಿ. ಯಾವ ಸಾಮಾನು ಎಷ್ಟಕ್ಕೆ ಇಳಿದರೆ ಮತ್ತೆ ತರಿಸಬೇಕು ಅನ್ನುವ ನಿಯಮವನ್ನು ಅವನೇ ಬರೆಯಲಿ. ಸಕ್ಕರೆಗೆ ಒಂದು ನಿಯಮ, ಹಾಲಿಗೆ ಇನ್ನೊಂದು, ಹಬ್ಬದ ವಾರಕ್ಕೆ ಮತ್ತೊಂದು. ಎಲ್ಲಿ ತಪ್ಪುತ್ತದೆ ಅಂತ ನೀವೇ ಹೇಳುವಿರಿ, ಯಾಕಂದ್ರೆ ಅದು ನಿಮಗೆ ಅವನಿಗಿಂತ ಚೆನ್ನಾಗಿ ಗೊತ್ತು.

ಮುಂದೆ ಯಾವತ್ತಾದರೂ ಕ್ಲಾಸಿಗೆ ಸೇರಿಸಿದರೆ ಒಂದೇ ಪರೀಕ್ಷೆ ಮಾಡಿ. ತಿಂಗಳಾದ ಮೇಲೆ ಖಾಲಿ ಸ್ಕ್ರೀನ್ ಕೊಟ್ಟು, ಅಲ್ಲಿ ತೋರಿಸದೇ ಇದ್ದದ್ದನ್ನು ಏನಾದರೂ ಮಾಡು ಅನ್ನಿ. ನೋಡಿ ನೋಡಿ ಟೈಪ್ ಮಾಡಿದ ಆಪ್ ಹತ್ತು ಇದ್ದರೂ ಲೆಕ್ಕಕ್ಕಿಲ್ಲ.

ಪ್ರಶ್ನೆ: ಒಂಬತ್ತನೇ ತರಗತಿಗೆ ಪೈಥಾನ್ ಕಲಿಸುತ್ತೇನೆ. ಮನೆಗೆಲಸ ಕೊಟ್ಟರೆ ಎಲ್ಲರೂ ಚಾಟ್‌ಜಿಪಿಟಿಯಿಂದ ತಂದು ಅಂಟಿಸುತ್ತಾರೆ. ಏನು ಮಾಡೋದು?
– ಖಾಸಗಿ ಶಾಲೆ ಶಿಕ್ಷಕ, ಜಯನಗರ

ಬರೆದು ತನ್ನಿ ಅನ್ನುವ ಮನೆಗೆಲಸ ನಿಲ್ಲಿಸಿ, ಓದುವ ಕೆಲಸ ಕೊಡಿ. ಇಂಗ್ಲೆಂಡಿನ ಸ್ಯೂ ಸೆಂಟನ್ಸ್ ಮತ್ತು ಜೊತೆಗಾರರು ರೂಪಿಸಿದ ಪ್ರಿಮ್ ಎಂಬ ಕ್ರಮ ಇದಕ್ಕೆ ತುಂಬ ಚೆನ್ನಾಗಿದೆ. ಮೊದಲು ಪ್ರೋಗ್ರಾಮ್ ನೋಡಿ ಏನು ಬರುತ್ತದೆ ಅಂತ ಊಹಿಸುವುದು. ಆಮೇಲೆ ಓಡಿಸುವುದು, ಒಳಹೊಕ್ಕು ನೋಡುವುದು, ಸ್ವಲ್ಪ ಬದಲಿಸುವುದು. ಸ್ವಂತ ಬರೆಯುವುದು ಕೊನೆಗೆ.

ನಾಲ್ಕು ಸಾಲು ಸಾಕು. ಎ = 5. ಬಿ = 8. ಎ = ಬಿ. ಬಿ = ಎ. ಕೊನೆಗೆ ಎ ಎಷ್ಟು, ಬಿ ಎಷ್ಟು? ಅರ್ಧ ತರಗತಿ "8, 5" ಅನ್ನುತ್ತದೆ. ಸರಿ ಉತ್ತರ ಎರಡೂ 8. ಮೂರನೇ ಸಾಲಿನಲ್ಲೇ ಬಿ ಒಳಗಿನ 8 ಅನ್ನು ಎ ಒಳಗೆ ಬರೆದಾಯಿತು, ಅಲ್ಲಿದ್ದ 5 ಅಳಿಸಿಹೋಯಿತು. ಇಲ್ಲಿ ಒಂದು ಮಾತು. ಎ, ಬಿ ಥರದ ವೇರಿಯಬಲ್‌ಗಳಿಗೆ, ಅಂದರೆ ಒಂದು ಮೌಲ್ಯ ಇಟ್ಟುಕೊಳ್ಳುವ ಹೆಸರುಗಳಿಗೆ, ಮಜ್ಜಿಗೆ ಲೋಟ, ಪಾನಕದ ಲೋಟ ಅಂತ ಹೋಲಿಕೆ ಕೊಡುವುದು ರೂಢಿ. ನಾನೂ ವರ್ಷಗಟ್ಟಲೆ ಕೊಟ್ಟೆ. ಆದರೆ ಲೋಟದಿಂದ ಸುರಿದರೆ ಆ ಲೋಟ ಖಾಲಿ ಆಗುತ್ತದೆ, ವೇರಿಯಬಲ್ ಖಾಲಿ ಆಗುವುದಿಲ್ಲ. ಹಾಗಾಗಿ ಮಕ್ಕಳು ಎ = ಬಿ ಆದ ಮೇಲೆ ಬಿ ಒಳಗೆ ಏನೂ ಇಲ್ಲ ಅಂದುಕೊಳ್ಳುತ್ತಿದ್ದರು. ಈಗ ಎರಡು ಸ್ಲೇಟು ಕೊಡುತ್ತೇನೆ. ಒಂದನ್ನು ಒರೆಸಿ, ಇನ್ನೊಂದನ್ನು ನೋಡಿ ಬರೆದುಕೊಳ್ಳಿ. ಐದು ಹೋಗಬಾರದು ಅಂದರೆ ಮೂರನೇ ಸ್ಲೇಟು ಬೇಕು ಅಂತ ಮಕ್ಕಳೇ ಹೇಳುತ್ತಾರೆ.

ಎಐ ಉಪಕರಣವನ್ನು ನಿಷೇಧಿಸಲು ಹೋಗಬೇಡಿ. ಅದು ಕೊಟ್ಟ ಪ್ರೋಗ್ರಾಮನ್ನೇ ತರಗತಿಗೆ ತನ್ನಿ ಅನ್ನಿ. ಒಬ್ಬೊಬ್ಬರನ್ನು ಎರಡು ನಿಮಿಷ ಎದುರಿಗೆ ಕೂರಿಸಿ, ಒಂದು ಸಾಲಿಗೆ ಬೆರಳಿಟ್ಟು, ಇದನ್ನು ತೆಗೆದರೆ ಏನಾಗುತ್ತದೆ ಅಂತ ಕೇಳಿ. ಅಂಕ ಆ ಉತ್ತರಕ್ಕೆ ಕೊಡಿ. 40 ಮಕ್ಕಳಿಗೆ ಎರಡು ಪೀರಿಯಡ್ ಹಿಡಿಯುತ್ತದೆ ಅನ್ನುವುದು ಗೊತ್ತಿದೆ. 40 ಪುಸ್ತಕ ತಿದ್ದುವುದಕ್ಕೂ ಅಷ್ಟೇ ಹೊತ್ತು ಬೇಕಲ್ವಾ?

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಆದ ಮೇಲೆ ಮಗಳು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಳ್ಳದೆ ಬಯಾಲಜಿ ತಗೊಂಡರೆ ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲ್ವಾ?
– ತಾಯಿ, ರಾಜಾಜಿನಗರ

ಸಿಗುತ್ತದೆ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕ ಹಿಡಿಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. ಮಗಳಿಗೆ ಬಯಾಲಜಿ ಇಷ್ಟ ಇದ್ದರೆ ಆ ಮೂರರ ಜೊತೆಗೆ ಧೈರ್ಯವಾಗಿ ತಗೊಳ್ಳಲಿ.

ಪ್ರಶ್ನೆ: ನಾನು ಕನ್ನಡ ಮೀಡಿಯಂ, ಒಂಬತ್ತನೇ ಕ್ಲಾಸ್. ಇಂಗ್ಲಿಷ್ ಅಷ್ಟು ಬರಲ್ಲ. ಅಪ್ಪನ ಫೋನ್ ಬಿಟ್ಟರೆ ಬೇರೆ ಏನೂ ಇಲ್ಲ. ನನಗೆ ಪೈಥಾನ್ ಬರುತ್ತಾ?
– ವಿದ್ಯಾರ್ಥಿನಿ, ಕೆಂಗೇರಿ

ಖಂಡಿತ ಬರುತ್ತದೆ ಪುಟ್ಟಿ. ಪೈಥಾನ್‌ನಲ್ಲಿ ಮೀಸಲಾದ ಪದಗಳು 35 ಮಾತ್ರ. ನಿನಗೆ ಈ ವರ್ಷ ಬೇಕಾಗುವುದು ಹತ್ತು ಹನ್ನೆರಡು. ಉಳಿದ ಹೆಸರುಗಳನ್ನು ನೀನೇ ಇಡುವುದು, ಅವನ್ನು ಕನ್ನಡದಲ್ಲೇ ಇಡಬಹುದು. ಬೆಲೆ = 40 ಅಂತ ಬರೆದರೆ ಪೈಥಾನ್ ಒಪ್ಪುತ್ತದೆ. ಬ್ರೌಸರಿನಲ್ಲೇ ಪೈಥಾನ್ ಓಡಿಸುವ ಉಚಿತ ತಾಣಗಳು ಇವೆ, ಅಪ್ಪನ ಫೋನ್ ಸಾಕು. ಕೆಂಪಕ್ಷರದಲ್ಲಿ ಬರುವ ತಪ್ಪಿನ ಸಂದೇಶಗಳು ಇಂಗ್ಲಿಷಿನಲ್ಲಿ ಇರುತ್ತವೆ, ನಿಜ. ಜಾಸ್ತಿ ಬರೋದು ನಾಲ್ಕೇ: ಸಿಂಟ್ಯಾಕ್ಸ್ ಎರರ್, ನೇಮ್ ಎರರ್, ಟೈಪ್ ಎರರ್, ಇಂಡೆಂಟೇಶನ್ ಎರರ್. ಒಂದು ನೋಟ್‌ಬುಕ್ಕಿನಲ್ಲಿ ಅವುಗಳ ಎದುರು ಕನ್ನಡದಲ್ಲಿ ಅರ್ಥ ಬರೆದುಕೋ. ಪ್ರತಿ ಸಲ ಬಂದಾಗ, ಯಾಕೆ ಬಂತು ಅಂತ ಒಂದು ಸಾಲು ಬರೆ.

ಕನ್ನಡ ಬಲ್ಲವರಿಗೇ ಸಿಗುವ ಒಂದು ಪ್ರಯೋಗ ಹೇಳುತ್ತೇನೆ. ಪೈಥಾನ್‌ನಲ್ಲಿ ಪದದ ಉದ್ದ ಕೇಳುವ ಲೆನ್ (len) ಎಂಬ ಸೂಚನೆ ಇದೆ. "ಬೆಂಗಳೂರು" ಎಷ್ಟು ಅಂತ ಕೇಳು. ನಾವು ಬೆಂ, ಗ, ಳೂ, ರು ಅಂತ ನಾಲ್ಕು ಎಣಿಸುತ್ತೇವೆ. ಅದು 8 ಅನ್ನುತ್ತದೆ. ಯಾಕಂದ್ರೆ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಬ ಬೇರೆ, ಎತ್ವ ಬೇರೆ, ಸೊನ್ನೆ ಬೇರೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ. ಕ ಅಕ್ಷರದ್ದು 3221, ಖ ಅಕ್ಷರದ್ದು 3222. "ಕನ್ನಡ" ಕೇಳಿದರೆ 5 ಬರುತ್ತದೆ. ಆ ಐದು ಯಾವುವು ಅಂತ ಓಡಿಸುವ ಮೊದಲೇ ಕಾಗದದಲ್ಲಿ ಬರೆ.

ಆಮೇಲೆ ಎರಡೂ ಪದಗಳನ್ನು ಹಿಂದುಮುಂದು ಮಾಡಿ ಅಚ್ಚು ಮಾಡು. "ಕನ್ನಡ" ಚೆನ್ನಾಗಿಯೇ "ಡನ್ನಕ" ಆಗುತ್ತದೆ. "ಬೆಂಗಳೂರು" ಕೆಟ್ಟುಹೋಗುತ್ತದೆ. ಒಂದು ಸರಿಯಾಗಿ ಬಂದು ಇನ್ನೊಂದು ಯಾಕೆ ಕೆಟ್ಟಿತು ಅನ್ನುವುದನ್ನು ನಾನು ಇಲ್ಲಿ ಹೇಳುವುದಿಲ್ಲ. ನೀನು ಕಂಡುಕೊಂಡದ್ದನ್ನು ನಿನ್ನ ಮಾತಿನಲ್ಲೇ ಬರೆದು ಈ ಅಂಕಣಕ್ಕೆ ಕಳಿಸು.