ಮೈಸೂರಿನಲ್ಲಿ ಗೆಳೆಯರ ಜೊತೆ ಸುಳಿವು ಹುಡುಕುವ ಕಾರು ರ‍್ಯಾಲಿ ಏರ್ಪಡಿಸುವುದು ಹೇಗೆ?

ಮೊದಲು ತಲುಪಿದವರಿಗೆ ಬಹುಮಾನ ಎನ್ನಬೇಡಿ. ಆಟ ಹೋಗಿ ಪಂದ್ಯವಾಗುತ್ತದೆ. ದಾರಿಯನ್ನು ನೀವೇ ಒಮ್ಮೆ ಸುತ್ತಿ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಯಾರ ಮೀಟರ್ ಆ ಗುಟ್ಟಿನ ಅಂಕಿಗೆ ಹತ್ತಿರವೋ ಅವರಿಗೆ ಹೆಚ್ಚು ಅಂಕ. ದಾರಿ ತಪ್ಪಿದವರು ತಾವಾಗಿಯೇ ಹಿಂದೆ ಬೀಳುತ್ತಾರೆ.

ಸುಳಿವಿನ ಉತ್ತರ ಮೊಬೈಲಿನಲ್ಲಿ ಸಿಗುವಂತಿದ್ದರೆ ಸಪ್ಪೆ. ಸ್ಥಳಕ್ಕೆ ಹೋಗಿ ಕತ್ತೆತ್ತಿ ನೋಡಲೇಬೇಕು. ‘ಕನ್ನಡದಲ್ಲಿ ಗಂಟೆ ಹೇಳುವವನ ಕಾಲ ಬಳಿ ನಿಲ್ಲಿ’ ಎಂದರೆ 1927ರ ದೊಡ್ಡ ಗಡಿಯಾರ. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣಕ್ಕೆ ಕಳಿಸಿ. ಅಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮ ಗೋಡೆಯಲ್ಲಿ, ಹೈದರ್-ಟಿಪ್ಪು ಸೇನೆ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ‘ಯುದ್ಧಭೂಮಿಯಲ್ಲೂ ಪಲ್ಲಕ್ಕಿ ಬಿಡದ ಸೇನಾನಿ ಯಾರು?’ ಎಂದು ಕೇಳಿ. ಆನೆ, ಕುದುರೆ, ಸಿಪಾಯಿಗಳ ನಡುವೆ ಬ್ರಿಟಿಷರ ಕರ್ನಲ್ ಬೇಲಿ ಎಂಬಾತನನ್ನು ಹುಡುಕುವಷ್ಟರಲ್ಲಿ ತಂಡದೊಳಗೇ ಜಗಳ ಶುರುವಾಗುತ್ತದೆ. ಅದೇ ಮಜಾ.

ತರಬೇಕಾದ ವಸ್ತುಗಳ ಪಟ್ಟಿ ಚಿಕ್ಕದಿರಲಿ: ಮೈಸೂರು ವೀಳ್ಯದೆಲೆ, ಮಂಡ್ಯದ ಬೆಲ್ಲದ ಅಚ್ಚು, ನಂಜನಗೂಡು ರಸಬಾಳೆ. ರಸಬಾಳೆಗೆ ದುಪ್ಪಟ್ಟು ಅಂಕ ಕೊಡಿ, ಏಕೆಂದರೆ ಈಗ ಅದು ಸುಲಭಕ್ಕೆ ಸಿಗುವುದಿಲ್ಲ. ಏಲಕ್ಕಿ ಬಾಳೆ ತಂದು ವಾದಿಸುವವರು ಇದ್ದೇ ಇರುತ್ತಾರೆ.

ಚಾಲಕನಿಗೆ ಒಗಟು ಓದಲು ಬಿಡಬೇಡಿ, ಅದು ಪಕ್ಕದಲ್ಲಿ ಕೂತವರ ಕೆಲಸ. ಬೈಕಿನಲ್ಲಿ ಬರುವವರಿದ್ದರೆ ಬೆಂಗಳೂರು ಹೆದ್ದಾರಿಯ ಮುಖ್ಯ ಪಥ ಬೇಡ. 2023ರ ಆಗಸ್ಟ್‌ನಿಂದ ಅಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ, ಸರ್ವಿಸ್ ರಸ್ತೆ ಹಿಡಿಯಲಿ.